ಶ್ರೀಲತಾ ಬಾರಿನಲ್ಲಿ ಊದಿದ ಮಂಗಳ

"ಒಂದ್ ಮಾತ್ ಮೊದ್ಲೇ ಹೇಳ್ತೆ. ನಾನ್ ಊದುವಾಗ ನನ್ನ ಮುಖ ಯಾರೂ ಕಾಂಬುಕಾಗ."

ಹರಿಣಾಕ್ಷಿ ಗಲ್ಲಾದ ಹಿಂದಿನಿಂದ ತಲೆ ಎತ್ತಿದಳು.

ಎದುರಿಗೆ ನಿಂತವನ ತಲೆಯಿಂದ ಮಳೆನೀರು ಇಳಿದು, ಆಗಷ್ಟೇ ಒರೆಸಿದ್ದ ನೆಲದ ಮೇಲೆ ಬೀಳುತ್ತಿತ್ತು. ಬಿಳಿ ಅಂಗಿ, ಮಡಚಿ ಕಟ್ಟಿದ ಪಂಚೆ, ಕೈಯಲ್ಲಿ ಕಡ್ಡಿ ಮುರಿದ ಒಂದು ಕೊಡೆ. ಅಷ್ಟು ಬಿಟ್ಟರೆ ಬೇರೇನೂ ಕಾಣಲಿಲ್ಲ.

"ಎಂತ ಊದೂದ್?"

"ಸ್ಯಾಕ್ಸೋಫೋನ್. ಹೊರ್ಗೆ ಬ್ಯಾನರ್ ಹಾಕಿದ್ರಿ ಅಲ್ದಾ... ಬಸ್ಸಿಂದ ಕಂಡ್ ಇಳ್ದೆ."

"ಸ್ಯಾಕ್ಸೋಫೋನ್ ಎಲ್ಲಿತ್ತ್?"

"ತರ್ಲಿಲ್ಲ."

ನೀವೇ ಹೇಳಿ, ಯಾರಿಗಾದರೂ ನಗು ಬರಬೇಕಾದ ಮಾತು. ಆದರೆ ಹರಿಣಾಕ್ಷಿಗೆ ಆ ಹೊತ್ತಿನಲ್ಲಿ ನಗುವ ಪರಿಸ್ಥಿತಿ ಇರಲಿಲ್ಲ.

ಕುಂದಾಪುರದ ಹೊಳೆಬದಿಯ ಆ ಶ್ರೀಲತಾ ಬಾರ್ ಅವಳ ಅಪ್ಪ ಕಟ್ಟಿದ್ದು. ಅವಳ ಅಮ್ಮನ ಹೆಸರನ್ನೇ ಬಾರಿಗೆ ಇಟ್ಟ ಧೈರ್ಯವಂತ ಆತ. ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ಸೋದರಮಾವ ಚಂದಯ್ಯ ಮತ್ತು ಹರಿಣಾಕ್ಷಿ ಸೇರಿ ನಡೆಸುತ್ತಿದ್ದರು. ಆಷಾಢ, ಊರವರ ಬಾಯಲ್ಲಿ ಆಸಾಡಿ, ಬಂತೆಂದರೆ ದೋಣಿಗಳು ದಡದಲ್ಲಿ, ಮದುವೆ ಮುಂಜಿ ಯಾವುದೂ ಇಲ್ಲ, ಬಾರಿನಲ್ಲಿ ಟಿವಿ ಮಾತ್ರ ಮಾತಾಡುತ್ತಿತ್ತು. ಈ ತಿಂಗಳೂ ಹೀಗೇ ಆದರೆ ಮುಚ್ಚಿಬಿಡೋಣ ಎಂದಿದ್ದ ಮಾವ. ಅದಕ್ಕೇ ಅವಳು ಹಟ ಮಾಡಿ ಬ್ಯಾನರ್ ಹಾಕಿಸಿದ್ದಳು. 'ಆಸಾಡಿ ಪೂರ್ತಿ ಒಂದು ತಿಂಗಳು, ದಿನಾ ಸಂಜೆ ಲೈವ್ ಮ್ಯೂಸಿಕ್. ಸಂಪೂರ್ಣ ಉಚಿತ.'

ಇವತ್ತು ಮೊದಲ ಸಂಜೆ. ಬ್ರಹ್ಮಾವರದಿಂದ ಬರಬೇಕಿದ್ದ ಕೀಬೋರ್ಡಿನವನು ಮಧ್ಯಾಹ್ನ ಫೋನ್ ಮಾಡಿ ಗಂಟಲು ಕೆಟ್ಟಿದೆ ಎಂದ. ಕೀಬೋರ್ಡಿಗೂ ಗಂಟಲಿಗೂ ಏನು ಸಂಬಂಧವೋ ದೇವರಿಗೇ ಗೊತ್ತು.

ಒಳಗೆ ನಾಲ್ಕೈದು ಜನ ಗಿರಾಕಿಗಳು ಆಗಲೇ ಮೇಜು ಬಡಿಯುತ್ತಿದ್ದರು. "ಹ್ವಾಯ್, ಮ್ಯೂಸಿಕ್ ಎಲ್ಲಿ? ನಾವೇ ಹಾಡೂದಾ?"

ಹರಿಣಾಕ್ಷಿ ಹಲ್ಲು ಕಚ್ಚಿ ಕೇಳಿದಳು. "ಸ್ಯಾಕ್ಸೋಫೋನ್ ಇಲ್ದೆ ಎಂತ, ಬರೀ ಗಾಳಿ ಊದೂಕೆ ಬಂದದ್ದಾ?"

ಅವನು ನಗಲಿಲ್ಲ.

"ನನ್ನ ಹೆಸ್ರು ಸುಜನ್. ಬಿಜೂರ್ ಬದಿ, ವಾದ್ಯದ ಮನಿ. ನಮ್ಮೂರ ದೇವಸ್ಥಾನದಂಗೆ ಅಜ್ಜಯ್ಯನ ಕಾಲದಿಂದ ಊದೂದ್ ನಾವೇ. ಮನಿಯಂಗೆ ವಾದ್ಯ ಇತ್ತ್. ಆದ್ರೆ ದೇವರ ಎದುರು ಊದೂ ವಾದ್ಯವ ಕುಡಿಯೂ ಜಾಗಕ್ಕೆ ತರೂಕಾಗ. ನಾನ್ ಇಲ್ಲಿ ಕೂಕಂಡದ್ದ್ ಗೊತ್ತಾದ್ರೇ ಸೇವೆ ಹೋತ್ತ್. ಅಪ್ಪಯ್ಯ ಆ ಸೇವೆ ಮೇಲೇ ಜೀವ ಇಟ್ಕಂಡಿದ್ರ್."

"ಮತ್ತೆ ಎಂತಕ್ಕೆ ಬಂದ್ರಿ?"

ಅವನು ಒದ್ದೆ ಕೊಡೆಯನ್ನು ನೋಡುತ್ತ ನಿಂತ.

"ದೇವಸ್ಥಾನದಂಗೆ ಕೀರ್ತನೆ. ಮದಿ ಮನಿಯಂಗೆ ದಿಬ್ಬಣದ ಅದೇ ನಾಲ್ಕ್ ಪದ. ನಂಗೆ ಬೇಕಾದ್ದನ್ನ ನಾನ್ ಒಂದಿನವೂ ಊದ್ಲಿಲ್ಲ. ಒಂದ್ ತಿಂಗ್ಳ್... ಒಂದೇ ಒಂದ್ ತಿಂಗ್ಳ್ ಊದಿ, ಮತ್ತೆ ಸುಮ್ನಾತೆ."

ಆ ದನಿಯಲ್ಲಿದ್ದ ಹಸಿವು ಹರಿಣಾಕ್ಷಿಗೆ ಗೊತ್ತಿತ್ತು. ಅವಳ ಅಪ್ಪನ ದನಿಯಲ್ಲೂ ಅದೇ ಇತ್ತು. ಒಂದು ಕಾಲದಲ್ಲಿ ಮುಂಬಯಿಯ ಆರ್ಕೆಸ್ಟ್ರಾದಲ್ಲಿ ಸ್ಯಾಕ್ಸೋಫೋನ್ ಊದುತ್ತಿದ್ದ ಅಪ್ಪ, ಊರಿಗೆ ಬಂದ ಮೇಲೆ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. ಅವನು ಹೋದ ಮೇಲೆ ಹರಿಣಾಕ್ಷಿ ಅದನ್ನು ಯಾರಿಗೂ ಮುಟ್ಟಲು ಕೊಟ್ಟಿರಲಿಲ್ಲ.

ಅಂಥವಳು ಎದ್ದು ಒಳಗೆ ಹೋಗಿ ಕಪ್ಪು ಪೆಟ್ಟಿಗೆಯನ್ನು ತಂದು ಅವನೆದುರು ಇಟ್ಟಳು. ಯಾಕೆ ಕೊಟ್ಟೆ ಎಂದು ಅವಳನ್ನು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

"ನಮ್ಮಪ್ಪಯ್ಯಂದ್," ಎಂದಳು. "ಹಾಳ್ ಮಾಡ್ರೆ ನಾನ್ ಸುಮ್ನಿಪ್ಪುದಿಲ್ಲ."

ಸುಜನ್ ಕೈ ಒರೆಸಿಕೊಂಡ. ಅಂಗಿಯ ಕಿಸೆಯಿಂದ ಹೊಸ ರೀಡ್, ಊದುವ ಬಾಯಿಗೆ ಕಟ್ಟುವ ತೆಳು ಪಟ್ಟಿ, ತೆಗೆದು ಸಿಕ್ಕಿಸಿದ. ಕಿಸೆಯಲ್ಲಿ ರೀಡ್ ಇಲ್ಲದ ವಾದ್ಯದವನುಂಟೇ? ಫ್ಯಾಮಿಲಿ ರೂಮಿನ ಹಸಿರು ಪರದೆಯ ಹಿಂದೆ ಹೋಗಿ ಕೂತ.

ಮೊದಲು ಒಂದು ಕೆಮ್ಮಿನಂಥ ಸದ್ದು. ಗಿರಾಕಿಗಳು ನಕ್ಕರು.

ಆಮೇಲೆ ಯಾರೂ ನಗಲಿಲ್ಲ.

ಅದು ಯಾವ ಹಾಡು ಎಂದು ಹರಿಣಾಕ್ಷಿಗೆ ತಿಳಿಯಲಿಲ್ಲ. ಒಂದು ಹಾಡಿನಿಂದ ಇನ್ನೊಂದಕ್ಕೆ ಅವನು ಎಲ್ಲಿ ದಾಟಿದ ಎಂದೂ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಬಂಗುಡೆ ಹುರಿಯುತ್ತಿದ್ದ ಸೀತಕ್ಕ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ಹಿಂದೆ ಬಂಗುಡೆ ಕರಕಲಾಯಿತು.

ಕೊನೆಗೆ ಅವನು ಒಂದು ಪುಟ್ಟ ತಿರುವು ಊದಿ ನಿಲ್ಲಿಸಿದ. ಮಗುವನ್ನು ಮಲಗಿಸಿ ಮೆಲ್ಲನೆ ಬಾಗಿಲು ಎಳೆದುಕೊಂಡ ಹಾಗಿತ್ತು ಅದು. ಹರಿಣಾಕ್ಷಿ ಗಲ್ಲಾದ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಅಪ್ಪ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ.

ಹಾಗೆ ಶುರುವಾಯಿತು ಆ ಆಸಾಡಿ.

ದಿನಾ ಸಂಜೆ ಬಿಜೂರಿನ ಬಸ್ಸಿನಲ್ಲಿ ಬರುತ್ತಿದ್ದ. ಹಿಂಬಾಗಿಲಿನಿಂದ ಒಳಗೆ ಬಂದು, ಹಾಲು ಹಾಕದ ಒಂದು ಚಾ ಕುಡಿದು ಪರದೆಯ ಹಿಂದೆ ಕೂರುತ್ತಿದ್ದ. ಮೊದಲು ನಾಲ್ಕು ಮೇಜು ತುಂಬಿತು, ಆಮೇಲೆ ಎಂಟು. ಕೋಡಿಯಿಂದ, ಗಂಗೊಳ್ಳಿಯಿಂದ ಜನ ಬಂದರು. "ಪರದಿ ಹಿಂದೆ ಇಪ್ಪುದ್ ಮನ್ಸಾನಾ, ಟೇಪ್ ರೆಕಾರ್ಡಾ?" ಎಂದು ಕುಡಿದವರು ತಮಾಷೆ ಮಾಡುತ್ತಿದ್ದರು.

ಹರಿಣಾಕ್ಷಿಯ ಸ್ಟೂಲು ದಿನಕ್ಕೆ ಒಂದೊಂದು ಗೇಣು ಪರದೆಯ ಕಡೆಗೆ ಸರಿಯುತ್ತಿತ್ತು. ಸೀತಕ್ಕನಿಗೆ ಅದು ಕಾಣದೆ ಇರುತ್ತದೆಯೇ?

"ಗಲ್ಲಾ ಅತ್ಲಾಗಿತ್ತ್, ಹೆಣ್ಣೆ," ಎನ್ನುತ್ತಿದ್ದಳು.

"ಅಲ್ಲಿ ಮಳಿ ಹೊಡಿತ್ತ್ ಸೀತಕ್ಕ."

"ಹೌದೌದ್. ನಿಂಗೊಬ್ಳಿಗೇ ಹೊಡೂ ಮಳಿ."

ಊದುವುದು ಮುಗಿದ ಮೇಲೆ ಬಸ್ಸು ಬರುವವರೆಗೆ ಇಬ್ಬರೂ ಹಿಂಬದಿಯ ಮಾಡಿನ ಕೆಳಗೆ ನಿಲ್ಲುತ್ತಿದ್ದರು. ಅವನು ತೀರಿಹೋದ ತನ್ನ ಅಮ್ಮನ, ಅವನ ಬಾಯಲ್ಲಿ ಅಬ್ಬಿಯ, ಬಗ್ಗೆ ಹೇಳುತ್ತಿದ್ದ. ದಮ್ಮು ಹಿಡಿದು ಈಗ ಊದಲಾಗದ ಅಪ್ಪಯ್ಯ ಗುರುವನ ಬಗ್ಗೆ ಹೇಳುತ್ತಿದ್ದ. ಅವಳು ತನ್ನ ಮುರಿದುಹೋದ ಎರಡು ಮದುವೆ ಮಾತುಕತೆಗಳ ಬಗ್ಗೆ ಹೇಳಿದಳು. ಎರಡೂ ಕಡೆಯವರು ಒಂದೇ ಮಾತು ಹೇಳಿದ್ದರು. ಹೆಣ್ಣು ಬಾರಿನ ಗಲ್ಲಾದಲ್ಲಿ ಕೂರುತ್ತದಂತೆ.

"ಕೂಕಂಡ್ರೆ ಎಂತ ಆತ್ತ್?" ಎಂದ ಸುಜನ್.

ಅಷ್ಟೇ ಮಾತು. ಆದರೆ ಆ ರಾತ್ರಿ ಹರಿಣಾಕ್ಷಿಗೆ ನಿದ್ದೆ ಬರಲಿಲ್ಲ. 'ಕೂತರೆ ಏನಾಗುತ್ತದೆ ಎಂದು ಕೇಳಿದ ಒಬ್ಬನಾದರೂ ಸಿಕ್ಕಿದನಲ್ಲ...'

ತಿಂಗಳು ಮುಗಿಯುತ್ತ ಬಂದ ಹಾಗೆ ಅವಳು ದಿನ ಎಣಿಸತೊಡಗಿದಳು. ಆಸಾಡಿ ಮುಗಿದರೆ ಸೋಣೆ ತಿಂಗಳು. ಸೋಣೆ ಬಂದರೆ ಅವನ ಊರ ದೇವಸ್ಥಾನದಲ್ಲಿ ತಿಂಗಳಿಡೀ ಸಂಜೆ ಆರತಿ. ಅಲ್ಲಿ ಊದುವವನು ಇಲ್ಲಿಗೆ ಬರುವುದಿಲ್ಲ. ಹೋಗಿಬಿಡುತ್ತಾನೆ. ಅವನ ಮುಖ ಮರೆಮಾಡಿದ ಆ ಪರದೆ ಮಾತ್ರ ಉಳಿಯುತ್ತದೆ.

ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಒಂದಿನ ಪರದಿ ತೆಗ್ದ್, ಎದುರು ಕೂಕಂಡ್ ಊದ್ತ್ರಿಯಾ? ನಂಗೋಸ್ಕರ."

"ಆತಿಲ್ಲ ಹರಿಣಾಕ್ಷಿಯವ್ರೆ. ಮೊದ್ಲೇ ಹೇಳಿದ್ನಲ್ಲ."

"ನಾಚ್ಕಿಯಾ? ನಮ್ಮ ಬಾರಂಗೆ ಕೂಕಂಬುಕೆ?"

ಅವನು ಉತ್ತರ ಕೊಡುವ ಮೊದಲೇ ಬಸ್ಸಿನ ಹಾರನ್ ಕೇಳಿತು. ಅವನು ಓಡಿದ. ಹೌದು ಎಂದೂ ಇಲ್ಲ, ಅಲ್ಲ ಎಂದೂ ಇಲ್ಲ.

ಹೆಣ್ಣಿನ ಮನಸ್ಸು ಆ ಹೊತ್ತಿನಲ್ಲಿ ಯಾವುದನ್ನು ನಂಬುತ್ತದೆ ಎಂದು ನಿಮಗೆ ಗೊತ್ತಲ್ಲ? 'ಹೌದು, ನಾಚಿಕೆ. ಎಲ್ಲರ ಹಾಗೆ ಇವನಿಗೂ ನಾಚಿಕೆ.'

ಆ ಸಂಜೆ ಅವನು ಊದಿದ್ದನ್ನು ಅವಳು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದಳು. ತನಗೇ ಎಂದು ಹಿಡಿದದ್ದು, ಅವನು ಹೋದ ಮೇಲೆ ಕೇಳಿಕೊಂಡು ಅಳಲಿಕ್ಕೆ. ಸಿಟ್ಟು, ಪ್ರೀತಿ, ಸಂಕಟ ಎಲ್ಲ ಒಟ್ಟಿಗೇ ಮೇಲೆ ಬಂದವು. ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಿದಳು. ಮುಖವಿಲ್ಲ, ಹೆಸರಿಲ್ಲ, ಬರೀ ಸ್ವರ. ಕೆಳಗೆ ಒಂದು ಸಾಲು: 'ನಮ್ಮ ಶ್ರೀಲತಾ ಬಾರ್.'

ಸ್ವರಕ್ಕೆ ಮುಖವಿಲ್ಲ ಎಂದುಕೊಂಡಿದ್ದಳು ಹುಡುಗಿ. ಮೀನುಗಾರರ ಮನೆಯಲ್ಲಿ ಹುಟ್ಟಿ ಬಾರಿನಲ್ಲಿ ಬೆಳೆದವಳಿಗೆ ಬಿಜೂರಿನ ಆ ದೇವಸ್ಥಾನದ ಪದ್ಧತಿ ಹೇಗೆ ಗೊತ್ತಿರಬೇಕು?

ಅಲ್ಲಿ ದಿನಾ ಮಧ್ಯಾಹ್ನದ ಪೂಜೆ ಮುಗಿದು ಗರ್ಭಗುಡಿಯ ಬಾಗಿಲು ಹಾಕುವಾಗ ವಾದ್ಯದವರು ಒಂದು ಮಂಗಳ ಊದುತ್ತಾರೆ. ಅದರ ಕೊನೆಯ ಒಂದು ತಿರುವು ಸುಜನನ ಅಜ್ಜಯ್ಯ ಕಟ್ಟಿದ್ದು. ಬೇರೆ ಯಾವ ದೇವಸ್ಥಾನದಲ್ಲೂ ಇಲ್ಲ. ಹುಟ್ಟಿದಾಗಿನಿಂದ ಅದನ್ನು ಊದಿ ಊದಿ, ಬಾರಿನಲ್ಲಿ ಯಾವ ಹಾಡು ಊದಿದರೂ ಕೊನೆಗೆ ಅವನ ಬಾಯಿ ತಾನಾಗಿ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಅವನಿಗೂ ಅದು ಗೊತ್ತಿರಲಿಲ್ಲ.

ಸ್ಟೇಟಸ್ಸು ಕೈಯಿಂದ ಕೈಗೆ ದಾಟಿ ಬೈಂದೂರಿಗೆ ಹೋಯಿತು. ಅಲ್ಲಿಂದ ಬಿಜೂರಿಗೆ. ಮರುದಿನ ಮಧ್ಯಾಹ್ನ ಒಬ್ಬಳು ಅಜ್ಜಿ ಮೊಮ್ಮಗಳ ಮೊಬೈಲಿಗೆ ಕಿವಿ ಕೊಟ್ಟು ಹೇಳಿದಳು. "ಇದ್ ನಮ್ಮ ದೇವರ ಬಾಗ್ಲ್ ಹಾಕೂ ಮಂಗಳ ಅಲ್ದಾ?"

ಆ ಸಂಜೆ ಸುಜನ್ ಬರಲಿಲ್ಲ.

ಸ್ಟೇಟಸ್ ಕೇಳಿ ಬಂದ ಜನ ಬಾರಿನ ತುಂಬ ಇದ್ದರು. ಕೂರಲು ಜಾಗವಿಲ್ಲದೆ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ಚಂದಯ್ಯನ ಮುಖ ಅರಳಿತ್ತು. ಪರದೆಯ ಹಿಂದೆ ಮಾತ್ರ ಯಾರೂ ಇಲ್ಲ.

ಅವಳು ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್. ಮರುದಿನವೂ ಅದೇ, ಅದರ ಮರುದಿನವೂ ಅದೇ.

ಸುದ್ದಿ ತಂದದ್ದು ಸೀತಕ್ಕ. ಅವಳ ತಂಗಿಯ ಮನೆ ಆ ಬದಿಯಲ್ಲೇ.

"ಹರಿಣಾಕ್ಷಿ, ನೀನ್ ಎಂತ ಮಾಡಿಟ್ಟೆ ಮರಾಯ್ತಿ... ಅವ್ರ ದೇವಸ್ಥಾನದಂಗೆ ನಾಳಿಗೆ ಸಭೆ ಅಂಬ್ರ್. ದೇವರ ವಾದ್ಯ ತಕಂಡ್ ಹೋಯ್ ಬಾರಂಗೆ ಊದ್ದ ಅಂದೇಳಿ ಊರೆಲ್ಲ ಮಾತ್. ಸೇವೆ ಬಿಡಿಸ್ತ್ರ್ ಅಂಬ್ರ್."

ಹರಿಣಾಕ್ಷಿ ಕೈಯಲ್ಲಿದ್ದ ಮೀನಿನ ಬುಟ್ಟಿ ಕೆಳಗಿಟ್ಟಳು.

"ದೇವರ ವಾದ್ಯ ಅಲ್ಲ ಸೀತಕ್ಕ. ಅದ್ ನಮ್ಮಪ್ಪಯ್ಯಂದ್."

"ನಂಗೊತ್ತಿತ್ತ್. ನಿಂಗೊತ್ತಿತ್ತ್. ಅವ ಹೇಳ್ಕಲ್ದಾ? ಯಾವ್ ವಾದ್ಯ ಅಂದ್ ಎಷ್ಟ್ ಕೇಂಡ್ರೂ ಬಾಯೇ ಬಿಡೂದಿಲ್ಲ ಅಂಬ್ರ್."

'ಬಾಯಿ ಬಿಡುವುದಿಲ್ಲ...'

ಯಾಕೆ ಬಿಡುವುದಿಲ್ಲ? ಬಿಟ್ಟರೆ ಬಾರಿನ ಹೆಣ್ಣು ಕೊಟ್ಟಳು ಎಂದು ಹೇಳಬೇಕಲ್ಲ. ಅಜ್ಜನ ಕಾಲದ ಸೇವೆ ಹೋದರೂ ಸರಿ, ತನ್ನ ಹೆಸರು ಮಾತ್ರ ಅವನ ಬಾಯಲ್ಲಿ ಬರಬಾರದು. ಅಷ್ಟು ನಾಚಿಕೆ ಅವನಿಗೆ. ಹರಿಣಾಕ್ಷಿ ಅಡುಗೆಮನೆಯ ನೆಲದ ಮೇಲೆ ಕೂತು, ಮೀನಿನ ಬುಟ್ಟಿಗೆ ಮುಖವಿಟ್ಟು ಅತ್ತಳು. ಸೀತಕ್ಕ ಬೆನ್ನು ಸವರಿದರೂ ಕೇಳಲಿಲ್ಲ.

ಅತ್ತು ಅತ್ತು ಸಾಕಾದ ಮೇಲೆ ಎದ್ದಳು.

"ನನ್ನ ಹೆಸ್ರು ಹೇಳೂಕೆ ಅವ್ರಿಗೆ ನಾಚ್ಕಿ ಆದ್ರೆ ಇರ್ಲಿ. ನಾನೇ ಹೇಳ್ತೆ."

ಮರುದಿನ ಅವಳು ಸ್ಯಾಕ್ಸೋಫೋನಿನ ಪೆಟ್ಟಿಗೆ ಹಿಡಿದು ಹೊರಟಾಗ ಚಂದಯ್ಯ ಬಾಗಿಲಿಗೆ ಅಡ್ಡ ನಿಂತ.

"ತಲಿ ಸಮ ಇತ್ತಾ ನಿಂಗೆ? ದೇವಸ್ಥಾನದಂಗೆ ನಾಲ್ಕ್ ಜನ್ರ ಎದುರು ಹೋಯ್ ನಿಂತ್ರೆ, ನಾಳಿಗೆ ನಿಂಗೆ ಗಂಡ್ ಕೊಡ್ತ್ರಾ?"

"ಈಗ ಯಾರ್ ಸಾಲಾಗಿ ನಿಂತಿದ್ರ್ ಮಾವ?"

"ಅವ ನಿನ್ನ ಕಂಡ್ ಮುಖ ತಿರ್ಗ್ಸ್ರೆ?"

ಅವಳ ಕಣ್ಣು ತುಂಬಿತು. "ತಿರ್ಗಿಸ್ಲಿ. ಅವ್ರ ಸೇವೆ ಉಳೀಲಿ. ನಂಗ್ ಅಷ್ಟ್ ಸಾಕ್."

ಚಂದಯ್ಯ ಒಂದು ಕ್ಷಣ ಸೊಸೆಯ ಮುಖ ನೋಡಿ, ಬಾಗಿಲಿನಿಂದ ಸರಿದ.

ಬಿಜೂರಿನಲ್ಲಿ ಬಸ್ಸಿಳಿದು ಗದ್ದೆಯ ಬದುವಿನ ಮೇಲೆ ನಡೆಯುವಾಗ ಅವಳ ಕಾಲು ಎರಡು ಸಲ ಜಾರಿತು. ಪೆಟ್ಟಿಗೆಯನ್ನು ಮಾತ್ರ ಕೆಸರಿಗೆ ತಾಗಿಸಲಿಲ್ಲ. ದೇವಸ್ಥಾನದ ಹೊರಗಿನ ಚಪ್ಪರದಲ್ಲಿ ಜನ ಸೇರಿದ್ದರು. ನಡುವಿನ ಕುರ್ಚಿಯಲ್ಲಿ ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರು. ಒಂದು ಬದಿಯ ಕಂಬಕ್ಕೆ ಒರಗಿ, ಉಸಿರಿಗೆ ಕಷ್ಟಪಡುತ್ತ ಕೂತಿದ್ದ ಮುದುಕನೇ ಸುಜನನ ಅಪ್ಪಯ್ಯ ಗುರುವ ಎಂದು ಅವಳಿಗೆ ನೋಡಿದ ಕೂಡಲೇ ತಿಳಿಯಿತು. ಅವನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ಸುಜನ್. ನಾಲ್ಕೇ ದಿನದಲ್ಲಿ ಮುಖ ಇಳಿದುಹೋಗಿತ್ತು.

ಅವಳನ್ನು ಕಂಡದ್ದೇ ಅವನ ಬಣ್ಣ ಹಾರಿತು.

"ನೀವ್ ಎಂತಕ್ಕೆ ಬಂದ್ರಿ?" ಎಂದ. "ಹೋಯಿನಿ. ದಯಮಾಡಿ ಹೋಯಿನಿ ಇಲ್ಲಿಂದ."

ಹರಿಣಾಕ್ಷಿಯ ಎದೆಗೆ ಚೂರಿ ಹಾಕಿದ ಹಾಗಾಯಿತು. 'ನೋಡಿದೆಯಾ? ಇಲ್ಲಿ ನಿಂತದ್ದೂ ಅವಮಾನ ಅವನಿಗೆ.'

ಆದರೂ ಹೋಗಲಿಲ್ಲ. ಮೊಕ್ತೇಸರರಿಗೆ ಕೈ ಮುಗಿದಳು.

"ನಾನ್ ಹರಿಣಾಕ್ಷಿ. ಕುಂದಾಪ್ರದ ಶ್ರೀಲತಾ ಬಾರ್ ನಮ್ದ್. ಇವ್ರ್ ಊದಿದ್ದ್ ಈ ವಾದ್ಯ. ಇದ್ ನಮ್ಮಪ್ಪಯ್ಯಂದ್, ಕೊಟ್ಟದ್ದ್ ನಾನ್. ದೇವರ ವಾದ್ಯ ಇವ್ರ್ ಒಂದಿನವೂ ತರ್ಲಿಲ್ಲ. ತರೂಕಾಗ ಅಂದ್ ಮೊದ್ಲ ದಿನವೇ ಹೇಳಿದ್ರ್. ಸ್ಟೇಟಸ್ ಹಾಕಿದ್ದೂ ನಾನೇ. ಶಿಕ್ಷೆ ಕೊಡೂದಾರೆ ನಂಗ್ ಕೊಡಿ. ಅವ್ರ ಸೇವೆ ಮಾತ್ರ..."



ಚಪ್ಪರದಲ್ಲಿ ಗುಸುಗುಸು ಎದ್ದಿತು. ಮೊಕ್ತೇಸರರು ಕೆಟ್ಟವರಲ್ಲ. ಪೆಟ್ಟಿಗೆಯನ್ನು ತೆರೆಸಿ ನೋಡಿದರು. ಕನ್ನಡಕ ತೆಗೆದು ಒರೆಸಿದರು.

"ವಾದ್ಯ ದೇವರದ್ದಲ್ಲ ಅಂದ್ ಆಯ್ತ್. ಅದ್ ಒಳ್ಳೇದೇ ಆಯ್ತ್," ಎಂದರು. "ಆದ್ರೆ ಮಂಗಳ ದೇವರದ್ದಲ್ದಾ ಅಮ್ಮ? ಅದ್ನ ಬಾರಂಗೆ ಊದ್ದದ್ದ್ ಇವ್ನೇ ಅಲ್ದಾ?"

ಹರಿಣಾಕ್ಷಿಗೆ ಅರ್ಥವಾಗಲಿಲ್ಲ. ಮಂಗಳವೇ? ಯಾರೋ ಅವಳಿಗೆ ತಿಳಿಸಿ ಹೇಳಿದರು. ಅವಳು ದಿನಾ ಕಾದು ಕೂತಿದ್ದ, ದಿನಾ ಅತ್ತಿದ್ದ ಆ ಪುಟ್ಟ ತಿರುವು ಇಲ್ಲಿಯ ದೇವರ ಬಾಗಿಲು ಹಾಕುವ ಮಂಗಳ. ಅವಳು ಪೆಟ್ಟಿಗೆ ಮುಚ್ಚಿ ಅಲ್ಲೇ ಕೂತಳು.

ಆಗ ಗುರುವ ಮಾತಾಡಿದ. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದ.

"ಮಗಾ... ಮದಿ ಮನಿಯಂಗೂ ನೀ ಅದ್ನ ಊದಿದ್ದ್ ಇಲ್ಲ. ಅಲ್ಲಿ ಎಂತಕ್ಕೆ ಊದ್ದೆ?"

ಸುಜನ್ ತಲೆ ಎತ್ತಿದ.

"ಊದ್ದೆ ಅಂದ್ ನಂಗೇ ಗೊತ್ತಿಲ್ಲ ಅಪ್ಪಯ್ಯ. ಸ್ಟೇಟಸ್ ಕೇಂಡ್ಮೇಲೇ ಗೊತ್ತಾದ್ದ್. ನಾನ್ ಕುಡಿಯುವ್ರಿಗೆ ಊದಿದ್ದಲ್ಲ. ಪರದಿ ಆಚಿ ಬದಿ ಇವ್ರ್ ಕೂಕಂತಿದ್ರ್. ಸ್ಟೂಲ್ ಎಳ್ದ ಸದ್ದ್ ಕೇಂತಿತ್ತ್. ಇವ್ರ್ ಬಂದ್ ಕೂಕಂಡ್ರ್ ಅಂದ್ ಗೊತ್ತಾದ್ಮೇಲೆ ನಂಗೆ ಅದ್ ಬಾರ್ ಅಂದೇ ಅನ್ಸ್ತಿರ್ಲಿಲ್ಲ. ಬಾಯಿ ತನ್ನಷ್ಟಕ್ಕೆ ಅಲ್ಲಿಗೆ ಹೋಯ್ತ್. ತಪ್ಪಾದ್ರೆ ತಪ್ಪೇ."



"ಹಾಂಗಾರೆ ಇಷ್ಟ್ ದಿನ ಇವ್ರ ವಾದ್ಯ ಅಂದ್ ಎಂತಕ್ಕೆ ಹೇಳ್ಲಿಲ್ಲ?" ಮೊಕ್ತೇಸರರು ಕೇಳಿದರು.

"ಹೇಳ್ರೆ ಇವ್ರ ಹೆಸ್ರು ಬತ್ತಿತ್ತ್. ಬಾರ್ ಬಾರ್ ಅಂದೇಳಿ ಆಗ್ಳೇ ಎರಡ್ ಮದಿ ಮಾತ್ ಮುರ್ದಿತ್ತ್ ಇವ್ರಿಗೆ. ಇನ್ನ್ ದೇವಸ್ಥಾನದ ಪಂಚಾತಿಗಿ ಬೇರೆ ಬೇಕಾ? ಸೇವೆ ಹೋದ್ರೆ ನಮ್ಗೊಂದ್ ಮನಿಗೆ ಹೋತ್ತ್. ಇವ್ರ ಮರ್ಯಾದಿ ಹೋದ್ರೆ ನಾನ್ ಎಲ್ಲಿಂದ ತಂದ್ ಕೊಡೂದ್?"

ಹರಿಣಾಕ್ಷಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. 'ನಾಚಿಕೆ ಅಲ್ಲ... ನಾಚಿಕೆ ಅಲ್ಲವೇ ಅಲ್ಲ...'

ಇಲ್ಲಿಗೆ ಮೊಕ್ತೇಸರರ ಮನ ಕರಗಿ ಎಲ್ಲ ಸರಿಹೋಯಿತು ಎಂದು ಬರೆದರೆ ನಿಮಗೂ ಖುಷಿ, ನನಗೂ ಖುಷಿ. ಆದರೆ ದೇವಸ್ಥಾನದ ಕಟ್ಟುಪಾಡು ಪ್ರೇಮಿಗಳ ಮುಖ ನೋಡಿ ಬದಲಾಗುವುದಿಲ್ಲ. ತಪ್ಪು ಕಾಣಿಕೆ ಹಾಕಬೇಕು, ಶುದ್ಧ ಆಗಬೇಕು, ಈ ವರ್ಷದ ಸೋಣೆ ಆರತಿಗೆ ಬೇರೆ ಊರಿನ ವಾದ್ಯದವರು ಬರುತ್ತಾರೆ. ಸೋಣೆ ಕಳೆದ ಮೇಲೆ ಸೇವೆ ಮತ್ತೆ ಇವರ ಮನೆಗೇ. ಅದೇ ತೀರ್ಮಾನವಾಯಿತು.

ಗುರುವ ಕಂಬ ಹಿಡಿದು ಎದ್ದ. ಅಜ್ಜನ ಕಾಲದಿಂದ ಒಂದು ಸೋಣೆಯೂ ತಪ್ಪದ ಮನೆ ಅದು. ಮುದುಕನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಆ ಕಣ್ಣೀರನ್ನು ಕಂಡ ಹರಿಣಾಕ್ಷಿ ಅಲ್ಲಿ ನಿಲ್ಲಲಿಲ್ಲ. ಸುಜನ್ ಹಿಂದಿನಿಂದ ಕರೆದದ್ದು ಕೇಳಿತು. ತಿರುಗಿದರೆ ಆ ಮುದುಕನ ಮುಖ ಮತ್ತೆ ಕಾಣಬೇಕಲ್ಲ. ಪೆಟ್ಟಿಗೆ ಎತ್ತಿಕೊಂಡು ಬದುವಿನ ಮೇಲೆ ಓಡಿದಳು. ಪ್ರೀತಿ ಸಿಕ್ಕಿತು ಎಂದು ಗೊತ್ತಾದ ದಿನವೇ, ಆ ಪ್ರೀತಿಯನ್ನು ಕೇಳುವ ಮುಖ ತನಗಿಲ್ಲ ಎಂದೂ ಗೊತ್ತಾಯಿತು. ಈ ಸಲ ಫೋನ್ ಆಫ್ ಮಾಡಿದ್ದು ಅವಳು.

ಸೋಣೆಯ ಮೊದಲ ಸಂಜೆ.

ಬಾರಿನ ಬ್ಯಾನರ್ ಇಳಿಸಿ ಆಗಿತ್ತು. ಸಂಗೀತವಿಲ್ಲದಿದ್ದರೂ ಜನ ಬರುವುದು ನಿಂತಿರಲಿಲ್ಲ, ಚಂದಯ್ಯ ಮುಚ್ಚುವ ಮಾತು ಬಿಟ್ಟಿದ್ದ. ಆ ಖುಷಿಯೂ ಹರಿಣಾಕ್ಷಿಗೆ ಬೇಡವಾಗಿತ್ತು. ಬೆಳಿಗ್ಗೆಯಿಂದ ಗಡಿಯಾರ ನೋಡುತ್ತಿದ್ದಳು. 'ಈಗ ಅಲ್ಲಿ ದೀಪ ಹಚ್ಚಿರುತ್ತಾರೆ. ಈಗ ಬೇರೆಯವರು ವಾದ್ಯ ತೆಗೆದಿರುತ್ತಾರೆ...'

ಎದುರು ಬಾಗಿಲಲ್ಲಿ ಯಾರೋ ನಿಂತದ್ದು ಕಂಡಿತು.

ಸುಜನ್. ಹಿಂಬಾಗಿಲಲ್ಲ, ಎಲ್ಲರಿಗೂ ಕಾಣುವ ಎದುರು ಬಾಗಿಲು. ಹೊಸ್ತಿಲ ಮೇಲೆ ಸೀತಕ್ಕ ಬೆಳಿಗ್ಗೆ ಅರಿಶಿನ ಕುಂಕುಮ ಹಚ್ಚಿ ಸೋಣೆ ಹೂ ಇಟ್ಟಿದ್ದಳು. ಸೋಣೆ ತಿಂಗಳಲ್ಲಿ ಮನೆಯ ಹೆಂಗಸರು ಹೊಸ್ತಿಲನ್ನು ಪೂಜಿಸುವ ಪದ್ಧತಿ. ಬಾರಾದರೇನು, ಹೊಸ್ತಿಲು ಹೊಸ್ತಿಲೇ ಎಂಬುದು ಸೀತಕ್ಕನ ವಾದ. ಅವನು ಆ ಹೂವನ್ನು ಒಂದು ಕ್ಷಣ ನೋಡಿ, ತುಳಿಯದೆ ದಾಟಿ ಬಂದ. ನಡುವಿನ ಮೇಜಿಗೆ ಬಂದು ಕೂತ.



ಹರಿಣಾಕ್ಷಿ ಚಾ ತೆಗೆದುಕೊಂಡು ಹೋದಳು. ಅರ್ಧ ಚಾ ತಟ್ಟೆಗೆ ಚೆಲ್ಲಿತ್ತು.

"ಆರತಿ ಶುರು ಆಯ್ತ್ ಈಗ," ಎಂದ ಅವನು. "ನಂಗೆ ಅಲ್ಲಿ ನಿಂತ್ ಕೇಂಬುಕೆ ಆಯ್ಲಿಲ್ಲ. ಅಪ್ಪಯ್ಯ ನಿಂತಿದ್ರ್. ನಾನ್ ಓಡಿ ಬಂದೆ."

"ನನ್ನಿಂದ್ಲೇ ಆದ್ದ್ ಇದೆಲ್ಲ." ಅವಳು ಚಾ ಮೇಜಿನ ಮೇಲಿಟ್ಟಳು. "ಕಾಂಬುಕೂ ಬರ್ಬೇಡಿ ನನ್ನ. ಬೈದಾದ್ರೂ ಹೋಯಿನಿ."

"ಬೇಜಾರ್ ಇತ್ತ್ ಹರಿಣಾಕ್ಷಿ. ಇಲ್ಲ ಅಂದ್ ಸುಳ್ಳ್ ಹೇಳೂದಿಲ್ಲ. ಎದಿ ಒಡ್ದ್ ಹೋಪಷ್ಟ್ ಬೇಜಾರ್ ಇತ್ತ್. ಆದ್ರೆ ಈ ಬೇಜಾರ್ ತಕಂಡ್ ಬೇರೆ ಎಲ್ಲಿಗೆ ಹೋಪುದ್ ಅಂದ್ ಗೊತ್ತಾಯ್ಲಿಲ್ಲ. ಇಲ್ಲಿಗೇ ಬಂದೆ."

ಅವನ ಕಣ್ಣಿಂದ ನೀರು ಇಳಿಯಿತು. ಗಂಡಸು ಬಾರಿನಲ್ಲಿ ಕುಡಿಯದೆ ಅಳುವುದನ್ನು ಆ ಮೇಜುಗಳು ಮೊದಲ ಸಲ ನೋಡಿದ್ದು.

ಹರಿಣಾಕ್ಷಿ ಎದುರಿನ ಕುರ್ಚಿ ಎಳೆದು ಕೂತಳು. ಮಾವ ನೋಡುತ್ತಿದ್ದ, ಸೀತಕ್ಕ ನೋಡುತ್ತಿದ್ದಳು, ಗಿರಾಕಿಗಳೆಲ್ಲ ನೋಡುತ್ತಿದ್ದರು. ಅವಳು ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಲ್ಲಿ ಆರತಿ ಮುಗಿಯುವಷ್ಟು ಹೊತ್ತೂ ಬಿಡಲಿಲ್ಲ. ಟಿವಿಯನ್ನು ಯಾರೋ ತಾವಾಗಿಯೇ ಆರಿಸಿದರು.

"ನಂಗೆ ನೀವಂದ್ರೆ ಜೀವ," ಎಂದಳು ಕೊನೆಗೆ, ತಲೆ ಎತ್ತದೆ. "ಮೊದ್ಲ ದಿನ ನೀವ್ ಊದ್ದಾಗ್ಳಿಂದ. ಹೇಳೂಕೆ ಮುಖ ಇರ್ಲಿಲ್ಲ."

"ನಾನ್ ಊರ ಎದುರೇ ಹೇಳಿ ಆಯ್ತಲ್ಲ. ನೀವ್ ಓಡಿ ಹೋದ್ರಿ."

"ನಿಮ್ಮ ಅಪ್ಪಯ್ಯ..."

"ಅಪ್ಪಯ್ಯ ನಿನ್ನೆ ಒಂದೇ ಮಾತ್ ಕೇಂಡ್ರ್. ಆ ಹೆಣ್ ಒಬ್ಳೇ ಅಷ್ಟ್ ಜನ್ರ ಎದುರು ಬಂದ್ ನಿಂತ್ತಲ್ದಾ, ಅದ್ರ ಮನಿಗೆ ನಾವ್ ಯಾವಾಗ ಹೋಪುದ್ ಅಂದೇಳಿ."

ಅವಳು ಅಳುತ್ತಲೇ ನಕ್ಕುಬಿಟ್ಟಳು. ಅವನು ಬಾಗಿಲ ಕಡೆ ನೋಡಿದ.

"ಅಬ್ಬಿ ಹೋದ್ಮೇಲೆ ನಮ್ಮನಿ ಹೊಸ್ತ್ಲಿಗೆ ಹೂ ಇಡೂರ್ ಯಾರೂ ಇಲ್ಲ," ಎಂದ ಮೆಲ್ಲಗೆ. "ಮುಂದಿನ ಸೋಣಿಗೆ... ನೀವ್ ಬತ್ರಿಯಾ?"

ಹರಿಣಾಕ್ಷಿ ಕಣ್ಣೊರೆಸಿಕೊಂಡಳು. "ಬಾರ್ ತೆಗೂದ್ ಹತ್ತ್ ಗಂಟಿಗೆ. ನಾನ್ ಬಾರ್ ಬಿಡೂದಿಲ್ಲ."

"ಬಿಡಿ ಅಂದ್ ಯಾರ್ ಹೇಳ್ರ್?"

"ಹೂ ಇಟ್ಟ್, ಮೊದ್ಲ ಬಸ್ಸಿಗೆ ಹೊರ್ಟ್ರೆ ಆತ್ತಲ್ದಾ?"

"ಬಸ್ಸೆಂತಕ್ಕೆ? ನಾನ್ ಬೈಕ್ ತಕಂತೆ. ದಿನಾ ತಂದ್ ಬಿಡ್ತೆ."

"ಹಾಂಗಾರೆ ಬತ್ತೆ," ಎಂದಳು ಅವಳು. "ಈಗ ಚಾ ಕುಡೀನಿ. ತಣಿತ್ತ್."